ಕಡಲ ದಂಡೆಯಲ್ಲಿ ಒಂದು ಬೊಗಸೆ ಸಿಹಿನೀರು

ಗಂಡ ತೀರಿಕೊಂಡ ಮೇಲೆ ನಿಪ್ಪಾಣಿಯ ನಮ್ಮ ಫೋಟೋ ಸ್ಟುಡಿಯೋವನ್ನು ನಾನೇ ನಡೆಸತೊಡಗಿದೆ. ಪರೀಕ್ಷೆಯ ಅರ್ಜಿಗೆ ಫೋಟೋ ಬೇಕಾದವರು ಬರುತ್ತಿದ್ದರು, ಸತ್ತವರ ಫೋಟೋ ದೊಡ್ಡದು ಮಾಡಿಸುವವರು ಬರುತ್ತಿದ್ದರು. ಮದುವೆಗೆ ಮಾತ್ರ ಯಾರೂ ಕರೆಯಲಿಲ್ಲ. ವಿಧವೆ ಎದುರಿಗೆ ನಿಂತರೆ ಅಪಶಕುನವಂತೆ. ಮದುವೆಗಳಿಲ್ಲದೆ ಸ್ಟುಡಿಯೋ ಎಷ್ಟು ದಿನ ಬಾಳೀತು? ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಎಂಬತ್ತೆಂಟನೇ ಇಸವಿಯಲ್ಲಿ ಕೊಲ್ಹಾಪುರದ ಒಂದು ಫೋಟೋ ಸಂಘ ರತ್ನಾಗಿರಿಯ ದಂಡೆಯಲ್ಲಿ ಸ್ಪರ್ಧೆ ಇಟ್ಟಿತು. ವಿಷಯ, ಕಡಲ ಊರು ಮತ್ತು ನೀರು. ಗೆದ್ದರೆ ಊರ ಬಾಯಿ ಮುಚ್ಚಿಸಬಹುದೆಂದು ಗಂಡನ ಕ್ಯಾಮೆರಾ ಹೆಗಲಿಗೆ ಹಾಕಿ ರತ್ನಾಗಿರಿಯ ಬಸ್ ಹತ್ತಿದೆ. ಒಬ್ಬಳೇ ಹೋಗುವುದು ಬೇಡವೆಂದು ಅತ್ತೆ ಕಾಳವ್ವನೂ ಬುತ್ತಿ ಕಟ್ಟಿಕೊಂಡು ಹೊರಟಳು.

ಸ್ಪರ್ಧೆಗೆ ಬಂದ ಗಂಡಸರೆಲ್ಲ ಸೂರ್ಯ ಮುಳುಗುವುದಕ್ಕೆ, ಬೀಗರ ದಾರಿ ಕಾಯುವವರ ಹಾಗೆ, ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ನನಗೂ ಏನು ತೆಗೆಯಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು ನೀರಿಗಿಳಿದಳು. ಯಡೂರಿನ ಕೃಷ್ಣಾ ದಂಡೆಯಲ್ಲಿ ಹುಟ್ಟಿದವಳು. ಹೊಳೆ ಕಂಡರೆ ಕೈಮುಗಿದು ತೀರ್ಥ ತೆಗೆದುಕೊಳ್ಳದೆ ಬಿಡಳು. ಕಡಲಿಗೂ ಕೈಮುಗಿದು, ಬೊಗಸೆ ತುಂಬ ಎತ್ತಿ ಕುಡಿದೇಬಿಟ್ಟಳು. ಮರುಕ್ಷಣ ಮುಖ ಕಿವುಚಿ ಉಗುಳಿದಳು.

ಮೀನು ಮಾರುವ ಹೆಂಗಸೊಬ್ಬಳು ಊರ ನಳದ ಮುಂದೆ ಸಾಲಿನಲ್ಲಿ ಪಾಳಿ ಹಚ್ಚಿ ತುಂಬಿದ ಕೊಡ ಹೊತ್ತು ದಂಡೆಯ ಮನೆಗೆ ಹೊರಟಿದ್ದಳು. ಇದನ್ನು ಕಂಡು ಕೊಡ ಇಳಿಸಿ ಹೊಟ್ಟೆ ತುಂಬ ನಕ್ಕಳು. ನಗುತ್ತಲೇ ಆ ಸಿಹಿನೀರನ್ನು ಅತ್ತೆಯ ಬೊಗಸೆಗೆ ಸುರಿದಳು. ಹಿಂದೆ ಅಷ್ಟು ದೊಡ್ಡ ಕಡಲು, ಮುಂದೆ ಈ ಸಣ್ಣ ಧಾರೆ. ನಾನು ಬಟನ್ ಒತ್ತಿದೆ.

ಮೊದಲ ಬಹುಮಾನ ನನಗೇ ಬಂತು. ಪತ್ರಿಕೆಯಲ್ಲಿ ಅತ್ತೆಯ ಫೋಟೋ, ಕೆಳಗೆ ಗೌರಾಬಾಯಿ ಎಂದು ನನ್ನ ಹೆಸರು. ನಮ್ಮೂರ ತಂಬಾಕು ಪೇಟೆಯಲ್ಲೆಲ್ಲ ಅದು ಕೈಯಿಂದ ಕೈಗೆ ಓಡಾಡಿತು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ.

ವಾರದೊಳಗೆ ದ್ರಾಕ್ಷಿ ತೋಟದ ವಿರೂಪಾಕ್ಷಪ್ಪ ಬಂದ. ಮಗಳ ಮದುವೆಯ ಫೋಟೋ ನಾನೇ ತೆಗೆಯಬೇಕೆಂದ. ಆಮೇಲೆ ದನಿ ತಗ್ಗಿಸಿ, ಅಕ್ಷತೆ ಬೀಳುವ ಹೊತ್ತಿಗೆ ಮಾತ್ರ ತುಸು ಮರೆಯಲ್ಲಿ ಇದ್ದರೆ ಒಳ್ಳೆಯದೆಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದಳು.

“ಸತ್ತಾಂವ ನನ್ನ ಮಗಾರಿ. ಇಕಿ ಅಪಶಕುನ ಆಗಿದ್ರ ಮೊದಲ ನನಗ ಆಗಬೇಕಿತ್ತು. ದಿನಾ ಮುಂಜಾನಿ ಇಕಿ ಮಾರಿ ನೋಡೇ ನಾ ಏಳತೀನಿ. ಅಕ್ಕಿಕಾಳ ಬೀಳೂಮುಂದ ಇಕಿ ನಿಮ್ಮ ಮಗಳ ಎದರಿಗೇ ನಿಂದರತಾಳ. ಒಪ್ಪಿಗಿ ಇದ್ರ ಹೇಳ್ರಿ.”

ವಿರೂಪಾಕ್ಷಪ್ಪ ಆತ್ರಿ ಎಂದು ಮುಂಗಡ ಎಣಿಸಿ ಕೊಟ್ಟ.

ಆ ಮದುವೆಯಲ್ಲಿ ಅಕ್ಷತೆ ಬಿದ್ದಾಗ ಮದುಮಗಳಿಗೆ ನನಗಿಂತ ಹತ್ತಿರ ನಿಂತವನು ಮದುಮಗನೊಬ್ಬನೇ.