ಭಾವನ ಲ್ಯಾಪ್‌ಟಾಪಿನ ಲೈಸೆನ್ಸು

ಕಾರು ಓಡಿಸಲು ಕಲಿಸುವ ಮಾಸ್ಟರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಇದ್ದರೂ ಅದು ಅವನಿಗೆ ಗೊತ್ತಿರಲಿಲ್ಲ. ಬಲ್ಬು ಕೆಟ್ಟರೆ ಅವನು, ನಲ್ಲಿ ಸೋರಿದರೆ ಅವನು, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ಅವನು. ಹಾಗಾಗಿ ಆ ಬೆಳಿಗ್ಗೆ ಅಕ್ಕ ಫೋನ್ ಮಾಡಿ, “ಲ್ಯಾಪ್‌ಟಾಪ್ ಕೆಂಪಗೆ ಏನೋ ಬರ್ಕೊಂಡು ಕೂತಿದೆ, ಬೇಗ ಬಾರೋ” ಎಂದಾಗ, ಸ್ಟೇರಿಂಗ್ ಹಿಡಿದು ನಡುಗುತ್ತಿದ್ದ ಶಿಷ್ಯೆಯನ್ನು ರಸ್ತೆಬದಿಯಲ್ಲೇ ಇನ್ನೊಬ್ಬ ಮಾಸ್ಟರಿಗೆ ಒಪ್ಪಿಸಿ, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.

ಪರದೆಯ ಮೇಲಿದ್ದದ್ದು ಎರಡೇ ಸಾಲು. ಈ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅಸಲಿಯಲ್ಲ. ಪರೀಕ್ಷೆಯನ್ನು ತೆರೆಯಲಾಗದು.

ಪರೀಕ್ಷೆ ಅದೇ ದಿನ ಮಧ್ಯಾಹ್ನ. ಭಾವ ತೀರಿಕೊಂಡ ಮೇಲೆ ಅಕ್ಕ ಹೊಸದೊಂದು ಕೆಲಸ ಕಲಿತಿದ್ದಳು. ಟಿವಿಯಲ್ಲೋ ಸಭೆಯಲ್ಲೋ ಯಾರಾದರೂ ಮಾತಾಡುವಾಗ, ಕಿವಿ ಕೇಳದವರು ಓದಿಕೊಳ್ಳಲೆಂದು ಪರದೆಯ ಕೆಳಗೆ ಅಕ್ಷರಗಳು ಓಡುತ್ತವಲ್ಲ, ಆ ಅಕ್ಷರಗಳನ್ನು ಮಾತಿನ ಬೆನ್ನಿಗೇ ಟೈಪ್ ಮಾಡುವ ಕೆಲಸ. ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಟ್ಟುಕೊಂಡು, ಒಲೆಯ ಮೇಲಿನದು ಸೀದರೂ ಬಿಡದೆ ಅಭ್ಯಾಸ ಮಾಡಿದ್ದಳು. ಪಾಸಾದರೆ ಒಂದು ಕಚೇರಿ ಮುಂದಿನ ವಾರವೇ ಬಾ ಎಂದಿತ್ತು. ತಪ್ಪಿದರೆ ಮತ್ತೆ ಪರೀಕ್ಷೆ ಮುಂದಿನ ವರ್ಷ, ಅಲ್ಲಿಯತನಕ ಯಾವ ಕಚೇರಿ ಕಾಯುತ್ತದೆ?

“ಅಸಲಿ ಅಲ್ಲ ಅಂದ್ರೆ ಏನೋ? ನಿಮ್ಮ ಭಾವ ಅಂಗಡೀಲೇ ತಗೊಂಡಿದ್ದು ಇದನ್ನ. ನಾನೂ ಜೊತೇಲಿದ್ದೆ.”

ಇದು ಯಾರ ಕೈಚಳಕವೆಂದು ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಭಾವ ಹೋದ ಮೇಲೆ ಲ್ಯಾಪ್‌ಟಾಪ್ ತೆರೆದರೆ ಭಾವನ ಹೆಸರು ಬಂದು ಪಾಸ್‌ವರ್ಡ್ ಕೇಳುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಆಗ ಮಾಸ್ಟರು ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಅಕ್ಕನಿಗೆ ತಿಳಿಹೇಳಿದ್ದ: “ನೋಡಕ್ಕ, ಇದ್ರೊಳಗಿನ ಸಾಫ್ಟ್‌ವೇರಿಗೆ ಲೈಸೆನ್ಸ್ ಅಂತಿರುತ್ತೆ. ಅದು ಭಾವನ ಹೆಸರಲ್ಲಿತ್ತು. ಲೈಸೆನ್ಸ್ ಇದ್ದೋರೇ ಹೋದ ಮೇಲೆ ಲೈಸೆನ್ಸೂ ಹೋದ ಹಾಗೇ. ನನ್ನ ಲೈಸೆನ್ಸ್ ಇಟ್ಕೊಂಡು ನೀನು ಗಾಡಿ ಓಡಿಸ್ಬಹುದಾ? ಇಲ್ಲ ತಾನೇ?” ದಿನಾ ಲೈಸೆನ್ಸಿನಲ್ಲೇ ಮುಳುಗೇಳುವವನು ಹೇಳಿದ ಮಾತು, ಅಕ್ಕ ನಂಬಿದಳು. ಅವನು ಹಳೆಯದನ್ನು ಪೂರ್ತಿ ಅಳಿಸಿ, ಯಾರೋ ಪುಣ್ಯಾತ್ಮ ಕೊಟ್ಟ ಪೆನ್‌ಡ್ರೈವಿನಿಂದ ಹೊಸದನ್ನು ಹಾಕಿದ್ದ. ಅದೂ ದೊಡ್ಡ ದೊಡ್ಡ ಕಂಪನಿಗಳು ಬಳಸುವ ದೊಡ್ಡ ಆವೃತ್ತಿ. ಅಕ್ಕನಿಗೆ ಕಡಿಮೆಯದೇಕೆ ಎಂದು!

ಈಗ ತಪ್ಪೊಪ್ಪಿಕೊಂಡು ಕೂರುವ ಹೊತ್ತಲ್ಲ. ಲ್ಯಾಪ್‌ಟಾಪನ್ನೂ ಅದರ ಕಾಗದಪತ್ರಗಳನ್ನೂ ಅಕ್ಕನನ್ನೂ ಕಾರಿಗೆ ಹತ್ತಿಸಿಕೊಂಡು ತನ್ನ ಡ್ರೈವಿಂಗ್ ಸ್ಕೂಲಿಗೆ ಹೊರಟ. ಅಲ್ಲಿ ಇನ್ನೊಂದು ಕಂಪ್ಯೂಟರಾದರೂ ಇತ್ತು. ಎದುರಿಗೆ ಸಿಕ್ಕವರಿಗೆಲ್ಲ ಹಾರನ್ ಬಾರಿಸಬೇಡಿ ಎಂದು ಪಾಠ ಹೇಳುವವನು ದಾರಿಯುದ್ದಕ್ಕೂ ಹಾರನ್ ಬಾರಿಸಿದ.

ಆಫೀಸು ಎಂದರೆ ಒಂದೇ ಕೋಣೆ. ಗೋಡೆಯ ತುಂಬ ರಸ್ತೆಯ ಸಂಕೇತಗಳ ಪಟ, ಮೂಲೆಯಲ್ಲಿ ಒಳಗೇನಿದೆಯೆಂದು ತೋರಿಸಲು ಅರ್ಧ ಕೊಯ್ದಿಟ್ಟ ಗೇರ್‌ಬಾಕ್ಸು, ಕಿಟಕಿಯ ಬಳಿ ಒಂದು ಹಳೆಯ ಕಂಪ್ಯೂಟರು; ಅದಕ್ಕೆ ಕ್ಯಾಮೆರಾ ಇಲ್ಲ, ಪರೀಕ್ಷೆಗೆ ಆಗದು. ಮಾಸ್ಟರು ಲ್ಯಾಪ್‌ಟಾಪ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

“ಮೇಡಂ, ಲೈಸೆನ್ಸ್ ಇದ್ದೋರು ತೀರ್ಕೊಂಡಿದ್ದಾರೆ. ಅವರ ಹೆಂಡತಿ ಹೆಸರಿಗೆ ಬೇಗ ಒಂದು ಮಾಡ್ಕೊಟ್ಬಿಡಿ. ಟೆಸ್ಟ್ ಏನಾದ್ರೂ ಇದ್ರೆ ಈಗ್ಲೇ ತಗೊಳ್ಳಿ.”

ಆ ಕಡೆಯ ಹೆಂಗಸು ಮತ್ತೊಮ್ಮೆ ತನ್ನ ಕಂಪನಿಯ ಹೆಸರು ಹೇಳಿದಳು. “ಸರ್, ನೀವು ಫೋನ್ ಮಾಡಿರೋದು ಲ್ಯಾಪ್‌ಟಾಪ್ ಕಂಪನಿಗೆ.”

“ಗೊತ್ತು ಮೇಡಂ. ನಾನು ಕೇಳ್ತಿರೋದೂ ಲ್ಯಾಪ್‌ಟಾಪ್ ಲೈಸೆನ್ಸೇ.”

ಪೂರ್ತಿ ಕಥೆ ಕೇಳಿಕೊಂಡ ಮೇಲೆ ಅವಳು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. “ಸರ್, ಆ ಲೈಸೆನ್ಸ್ ಎಲ್ಲೂ ಹೋಗಿಲ್ಲ. ಅದನ್ನ ಕೊಟ್ಟಿರೋದು ಮನುಷ್ಯರಿಗಲ್ಲ, ಆ ಲ್ಯಾಪ್‌ಟಾಪಿಗೆ. ತಯಾರು ಮಾಡೋವಾಗ್ಲೇ ಒಳಗಿನ ಬೋರ್ಡಲ್ಲಿ ಒಂದು ಕೀ ಬರೆದಿಟ್ಟಿರ್ತಾರೆ. ಈ ಯಂತ್ರ ಇಂಥ ಸಿಸ್ಟಂನ ಬಳಸ್ಬಹುದು ಅಂತ ಅನುಮತಿ, ಅಷ್ಟೇ. ನೀವು ಅಳಿಸಿರೋದು ಸಿಸ್ಟಂನ. ಅನುಮತಿ ಹಾಗೇ ಇದೆ. ಅದು ನಿಮಗೆ ಅಳಿಸೋಕೂ ಬರಲ್ಲ.”

“ಪುಣ್ಯ,” ಎಂದಳು ಅಕ್ಕ, ತಮ್ಮನನ್ನು ನೋಡುತ್ತ.

“ಲ್ಯಾಪ್‌ಟಾಪ್ ತಿರುಗಿಸಿ. ಕೆಳಗಡೆ ಒಂದು ನಂಬರ್ ಇದೆ ನೋಡಿ. ಅದನ್ನ ನಮ್ಮ ವೆಬ್‌ಸೈಟಲ್ಲಿ ಹಾಕಿದ್ರೆ, ಅದು ಹುಟ್ಟಿದಾಗ ಯಾವ ಸಿಸ್ಟಂ ಇತ್ತೋ ಅದೇ ಸಿಗುತ್ತೆ.”

ಮಾಸ್ಟರು ಲ್ಯಾಪ್‌ಟಾಪನ್ನು ಮಗುಚಿದ. ಸಣ್ಣಕ್ಷರದ ನಂಬರು ಕಂಡದ್ದೇ ತಡ, ಕುರ್ಚಿಯಿಂದ ಎದ್ದು ನಿಂತುಬಿಟ್ಟ.

“ಚಾಸಿಸ್ ನಂಬರ್! ಅಕ್ಕಾ, ಇದು ಡ್ರೈವಿಂಗ್ ಲೈಸೆನ್ಸ್ ಅಲ್ವೇ ಅಲ್ಲ, ಚಾಸಿಸ್ ನಂಬರ್! ಗಾಡಿ ಯಾರ ಕೈಗೆ ಹೋಗ್ಲಿ, ಬಣ್ಣ ಬದಲಾಗ್ಲಿ, ಸೀಟು ಕಿತ್ತೋಗ್ಲಿ, ಕಬ್ಬಿಣದ ಮೇಲೆ ಕೊರೆದ ನಂಬರ್ ಕೊರೆದಿದ್ದೇ! ಅಯ್ಯೋ, ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಮೇಡಂ?”

“ಮೊದಲು ಕೇಳ್ಬಾರ್ದಿತ್ತಾ ಸರ್?” ಎಂದಳು ಅವಳು. “ಇನ್ನೊಂದು ಮಾತು. ದೊಡ್ಡ ಆವೃತ್ತಿ ಹಾಕಕ್ಕೆ ಹೋಗ್ಬೇಡಿ. ಇದರ ಕೀ ಮನೆಬಳಕೆ ಆವೃತ್ತಿಗೆ ಮಾತ್ರ ಹೊಂದೋದು.”

ಅಕ್ಕ ಮತ್ತೊಮ್ಮೆ ತಮ್ಮನನ್ನು ನೋಡಿದಳು. ಅವನು ಗೇರ್‌ಬಾಕ್ಸನ್ನು ನೋಡಿದ.

ಡೌನ್‌ಲೋಡ್ ಶುರುವಾಯಿತು. ಅದನ್ನು ತುಂಬಲು ಖಾಲಿ ಪೆನ್‌ಡ್ರೈವ್ ಬೇಕು. ಇದ್ದದ್ದೊಂದೇ, ಅದರ ತುಂಬ ಅವನು ಕಾಲೇಜಿನ ಕಾಲದಿಂದ ಕೂಡಿಹಾಕಿದ ಹಾಡುಗಳು. ಕಾರಿನಲ್ಲಿ ಶಿಷ್ಯರ ಕೈ ನಡುಗಿದಾಗೆಲ್ಲ ಅವನ್ನೇ ಹಾಕುತ್ತಿದ್ದ. “ಅಳಿಸಲೇ?” ಎಂದು ಕಂಪ್ಯೂಟರು ಕೇಳಿತು. ಒಂದು ಕ್ಷಣ ಬೆರಳು ಅಲ್ಲೇ ನಿಂತಿತು. ಹೌದು ಎಂದು ಒತ್ತಿದ.

ಆ ಹಸಿರು ಪಟ್ಟಿ ಮುಂದೆ ಹೋಗುವುದನ್ನು ನೋಡಬೇಕಿತ್ತು ನೀವು! ಬಸುರಿ ಎಮ್ಮೆ ಏರಿ ಹತ್ತಿದ ಹಾಗೆ ಒಂದಿಷ್ಟು ಹೋಗುವುದು, ನಿಂತು ಉಸಿರುಬಿಡುವುದು. ಅಕ್ಕ ಮೇಜಿನ ಅಂಚಿನಲ್ಲೇ ಬೆರಳಾಡಿಸುತ್ತ, ತಮ್ಮ ಗೊಣಗಿದ್ದನ್ನೆಲ್ಲ ಗಾಳಿಯಲ್ಲಿ ಟೈಪ್ ಮಾಡುತ್ತಿದ್ದಳು. “ನನ್ನ ಬೈಗುಳಾನೂ ಬರೀತಿದ್ದೀಯಾ?” ಎಂದ. “ಅದನ್ನೇ ಜಾಸ್ತಿ,” ಎಂದಳು. ಇಬ್ಬರಿಗೂ ನಗು ಬಂತು, ಇಬ್ಬರ ಕಣ್ಣೂ ಪಟ್ಟಿಯ ಮೇಲೇ ಇತ್ತು.

ಪೆನ್‌ಡ್ರೈವ್ ಸಿದ್ಧವಾಯಿತು. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್ ಹನ್ನೆರಡು ಎಂಬ ಕೀಲಿಯನ್ನು ಒತ್ತಬೇಕು, ಇಲ್ಲವಾದರೆ ಅದು ಪೆನ್‌ಡ್ರೈವಿನ ಕಡೆ ತಿರುಗಿಯೂ ನೋಡುವುದಿಲ್ಲ. ಮಾಸ್ಟರು ಒತ್ತಿದ. ತಡವಾಯಿತು. ಮತ್ತೆ ಒತ್ತಿದ, ಮತ್ತೆ ತಡ. ಕ್ಲಚ್ಚಿನ ಮೇಲೆ ಕಾಲು ಯಾವಾಗ ಸಡಿಲಿಸಬೇಕೆಂದು ಊರಿಗೆಲ್ಲ ಕಲಿಸುವವನ ಕೈ ಆ ಹೊತ್ತಿಗೆ ಸೋತಿತು.

“ಸರ್ಕೋ ಆಚೆ,” ಎಂದು ಅಕ್ಕ ಕೂತಳು. ಒಂದು ವರ್ಷ ಮಾತಿನ ಬೆನ್ನು ಹತ್ತಿದ ಬೆರಳುಗಳು ಅವು. ಆನ್ ಆದದ್ದು, ಒತ್ತಿದ್ದು, ಪರದೆ ನೀಲಿಯಾದದ್ದು ಎಲ್ಲ ಒಟ್ಟಿಗೇ ಆಯಿತು.

ಹಳೆಯದನ್ನು ಅಳಿಸಲೇ ಎಂದು ಕೇಳಿತು. ಅಳಿಸು ಎಂದರು. ಅಕ್ಕನ ಅಭ್ಯಾಸದ ಕಡತಗಳೆಲ್ಲ ಪರೀಕ್ಷೆಯವರ ಜಾಲತಾಣದಲ್ಲೇ ಇದ್ದವು, ಕಳೆದುಕೊಳ್ಳಲು ಏನೂ ಇರಲಿಲ್ಲ. ತುಂಬಿಕೊಂಡಿತು, ತಾನೇ ಆರಿತು, ತಾನೇ ಹೊತ್ತಿತು. ನೆಟ್ ಸೇರಿಸಿದರು. ಇನ್ನೇನು ಕೀ ಕೇಳುತ್ತದೆ, ಯಾರ ಹೆಸರಲ್ಲಿತ್ತು ಎಂದು ಕೇಳುತ್ತದೆ ಎಂದು ಮಾಸ್ಟರು ಬಿಲ್ಲು, ವಾರಂಟಿ ಕಾರ್ಡು ಎಲ್ಲ ಹರವಿಕೊಂಡು ಉಸಿರು ಬಿಗಿಹಿಡಿದು ಕೂತ. ಅದು ಯಾರನ್ನೂ ಏನೂ ಕೇಳಲಿಲ್ಲ. ಅಸಲಿ ಸಿಸ್ಟಂ, ಲೈಸೆನ್ಸ್ ಸಕ್ರಿಯವಾಗಿದೆ ಎಂದು ತೋರಿಸಿ ಸುಮ್ಮನಾಯಿತು.

“ಬಂತು! ಬಂತಕ್ಕಾ!” ಮಾಸ್ಟರು ಮೇಜು ಗುದ್ದಿದ ರಭಸಕ್ಕೆ ಗೇರ್‌ಬಾಕ್ಸು ಕಟಕಟಿಸಿತು.

ಅಕ್ಕ ಕುಣಿಯಲಿಲ್ಲ. ಸೆರಗಿನಿಂದ ಪರದೆಯ ಧೂಳು ಒರೆಸಿದಳು. “ಬ್ಯಾಂಕಿನಲ್ಲಿ ಕೇಳಿದ್ರು, ಗ್ಯಾಸಿನವರು ಕೇಳಿದ್ರು, ಕೊನೆಗೆ ಫೋನ್ ಕನೆಕ್ಷನ್ನಿಗೂ ಮರಣಪತ್ರ ತಗೊಂಬಾ ಅಂದ್ರು. ಅವರ ವಸ್ತು ಅಂತ ಕೈಗೆ ತಗೊಂಡಾಗೆಲ್ಲ, ಅವರು ಸತ್ತಿದ್ದಾರೆ ಅಂತ ನಾನೇ ಸಾಬೀತು ಮಾಡ್ಬೇಕಿತ್ತು ಕಣೋ. ಇದೊಂದೇ ನೋಡು, ಏನೂ ಕೇಳ್ದೆ ನನ್ನ ಹತ್ರ ಬಂದಿದ್ದು.”

ಗೊತ್ತಿಲ್ಲದ ವಿಷಯವೇ ಇಲ್ಲದವನು ಹರವಿದ್ದ ಬಿಲ್ಲು, ವಾರಂಟಿ ಕಾರ್ಡುಗಳನ್ನು ಒಂದೊಂದಾಗಿ ಮಡಿಚಿ ಒಳಗಿಟ್ಟ.

ಮನೆಗೆ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಪರೀಕ್ಷೆ ಅಲ್ಲೇ ಎಂದಾಯಿತು. ತೆರೆದು ನೋಡಿದರೆ ಈ ಸಲ ಎಲ್ಲ ಹಸಿರು! ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂಬ ನಿಯಮವೂ ಬಂತು. ಮಾಸ್ಟರು ಬಾಗಿಲು ಎಳೆದುಕೊಂಡು, ಕಲಿಯಲು ಬಂದವರನ್ನೆಲ್ಲ ಬಾಯಿಮೇಲೆ ಬೆರಳಿಟ್ಟು ಸಾಗಹಾಕಿ, ಹೊರಗಿನ ತಗಡಿನ ಮೆಟ್ಟಿಲ ಮೇಲೆ ಕೂತ.

ಒಳಗಿಂದ ಕೀಲಿಮಣೆಯ ಸದ್ದು ಕೇಳುತ್ತಿತ್ತು. ಪಟಪಟ ಓಡುವುದು, ತಟ್ಟನೆ ನಿಲ್ಲುವುದು. ಕಲಿಸುವವರ ಕಾರಿನಲ್ಲಿ ಮಾಸ್ಟರ ಕಾಲಕೆಳಗೂ ಒಂದು ಬ್ರೇಕ್ ಇರುತ್ತದೆ. ಪಕ್ಕದವರು ಎಡವಿದರೆ ತಾನು ಒತ್ತಬಹುದು. ಇಲ್ಲಿ ಅವನ ಕಾಲಕೆಳಗೆ ಏನೂ ಇರಲಿಲ್ಲ. ಅಕ್ಕ ಒಬ್ಬಳೇ ಓಡಿಸುತ್ತಿದ್ದಳು. ಸದ್ದು ನಿಂತಾಗೆಲ್ಲ ಅವನ ಬಲಗಾಲು ತನ್ನಷ್ಟಕ್ಕೆ ಮೆಟ್ಟಿಲನ್ನು ಒತ್ತಿ ತಗಡನ್ನು ಕಿರ್ರೆನ್ನಿಸುತ್ತಿತ್ತು, ಕೀಲಿಮಣೆ ಮತ್ತೆ ಓಡಿದ ಮೇಲೆ ಮಾತ್ರ ಸಡಿಲವಾಗುತ್ತಿತ್ತು.

ಎಷ್ಟೋ ಹೊತ್ತಿಗೆ ಬಾಗಿಲು ತೆರೆಯಿತು. ಅಕ್ಕನ ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ.

“ಏನಾಯ್ತಕ್ಕಾ?”

“ಒಂದು ತಪ್ಪಾಯ್ತು.”

“ಒಂದು ತಪ್ಪಿಗೆ ಫೇಲ್ ಮಾಡ್ತಾರಾ?”

“ಫೇಲ್ ಅಂತ ಯಾರು ಹೇಳಿದ್ರು? ಪಾಸು! ನೂರಕ್ಕೆ ತೊಂಬತ್ತೊಂಬತ್ತು.” ಅವಳು ಅವನ ಭುಜ ಹಿಡಿದು ಅಲ್ಲಾಡಿಸಿದಳು. ದನಿ ಅಳುತ್ತಿತ್ತು, ಮುಖ ನಗುತ್ತಿತ್ತು. “ಮಾತು ಒಂದೇ ಅಲ್ಲ ಕಣೋ, ಬಾಗಿಲು ಬಡಿದ್ರೆ, ನಾಯಿ ಬೊಗಳಿದ್ರೆ, ಅದನ್ನೂ ಬರೀಬೇಕು. ಕಿವಿಗೆ ಬಿದ್ದಿದ್ದನ್ನೆಲ್ಲ ಬರ್ದೆ. ಒಂದು ಸದ್ದು ಮಾತ್ರ ಅವರ ಧ್ವನಿಮುದ್ರಣದಲ್ಲಿ ಇರ್ಲೇ ಇಲ್ವಂತೆ.”

ಮಾಸ್ಟರು ಬಾಗಿ ಒಳಗಿನ ಪರದೆ ನೋಡಿದ. ಅಕ್ಕ ಬರೆದ ಸಾಲುಗಳ ನಡುವೆ ಒಂದೇ ಒಂದು ಸಾಲಿಗೆ ಕೆಂಪು ಗೆರೆ ಬಿದ್ದಿತ್ತು.

ಹೊರಗೆ ಯಾರೋ ಬ್ರೇಕ್ ಒತ್ತುತ್ತಿರುವ ಸದ್ದು.