ಅತ್ತೆಯ ‘ಆಗಲ್ಲ’

ನಿಮ್ಮ ಮನೆಯ ಹಿರಿಯರು ‘ಇದು ನನಗೆ ಆಗಲ್ಲ’ ಎಂದಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಮುಖ ನೋಡಿದ್ದು ಕೊನೆಯ ಸಲ ಯಾವಾಗ, ಹೇಳಿ? ನೆನಪಾಗುತ್ತಿಲ್ಲವಲ್ಲ? ಈ ಸೊಸೆಗೂ ನೆನಪಿರಲಿಲ್ಲ.

ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಪರಿಚಿತರ ಮೂಗಿನ ಮೇಲೆ ಗಾಜು ಬದಲಿಸುತ್ತ, ‘ಈಗ ಸ್ಪಷ್ಟವೋ, ಆಗ ಸ್ಪಷ್ಟವೋ’ ಎಂದು ದಿನವಿಡೀ ಬೇಸರವಿಲ್ಲದೆ ಕೇಳುತ್ತಿದ್ದಳು. ಸಂಜೆ ಷಟರ್ ಎಳೆಯುವಾಗ ಆ ತಾಳ್ಮೆಯನ್ನೂ ಒಳಗೇ ಇಟ್ಟು ಬೀಗ ಹಾಕುತ್ತಿದ್ದಳೋ ಏನೋ, ಮನೆಗೆ ಅದು ಬರುತ್ತಿರಲಿಲ್ಲ. ಅತ್ತೆಗೋ ಆಗದ ಸಂಗತಿಗಳಿಗೆ ಕೊನೆಯಿಲ್ಲ. ಫ್ಯಾನಿನ ಗಾಳಿ ಆಗಲ್ಲ, ಹೊಸ ಸೋಪು ಆಗಲ್ಲ, ಪಕ್ಕದ ಮನೆಯಾಕೆಯ ನಗುವಂತೂ ಆಗುವುದೇ ಇಲ್ಲ. ಯಾವ ‘ಆಗಲ್ಲ’ಕ್ಕೆ ಎದ್ದು ಓಡಬೇಕು, ಯಾವುದಕ್ಕೆ ‘ಹೂಂ’ ಎಂದು ಸುಮ್ಮನಾಗಬೇಕು ಎಂಬುದು ಮಾವನಿಗೆ ತಿಳಿದಿತ್ತು. ಅವರು ತೀರಿಕೊಂಡ ಮೇಲೆ ಎಲ್ಲಕ್ಕೂ ‘ಹೂಂ’ ಒಂದೇ ಉತ್ತರವಾಯಿತು.

ಅತ್ತೆಯ ಕಾಲಿನ ಗಾಯ ಕೀವಾಗಿ ಜ್ವರವೇರಿದ ದಿನ ಗಂಡ ಕೆಲಸದ ಮೇಲೆ ಪರವೂರಿನಲ್ಲಿದ್ದ. ಸೊಸೆಯೇ ಆಟೋ ಹಿಡಿದು ಅತ್ತೆಯನ್ನು ಹೊಸ ಆಸ್ಪತ್ರೆಗೆ ಕರೆತಂದಳು. ಡಾಕ್ಟರು ಗಾಯ ನೋಡಿ ಇಂಜೆಕ್ಷನ್ ಬರೆದು ಮುಂದಿನ ಹಾಸಿಗೆಗೆ ಹೋದರು. ನರ್ಸು ಕೇಳಿದಳು:

“ಅಮ್ಮಾ, ಯಾವುದಾದ್ರೂ ಮದ್ದು ನಿಮಗೆ ಆಗಲ್ವಾ?”

“ಇಂಜೆಕ್ಷನ್ ನನಗೆ ಆಗಲ್ಲ.”

“ಇಂಜೆಕ್ಷನ್ ಯಾರಿಗಮ್ಮಾ ಆಗತ್ತೆ? ಚುಚ್ಚೋಳು ನಾನು, ನನಗೇ ಆಗಲ್ಲ!”

ಸೊಸೆಯೂ ನಕ್ಕಳು. “ಅದನ್ನೆಲ್ಲ ಬರ್ಕೋಬೇಡಿ ಸಿಸ್ಟರ್. ನಮ್ಮತ್ತೆಗೆ ನಾನೂ ಆಗಲ್ಲ.”

ಅತ್ತೆ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಒಮ್ಮೆ ಸೊಸೆಯ ಮುಖ ನೋಡಿ, ತೋಳಿನ ಸೆರಗನ್ನು ತಾವೇ ಸರಿಸಿ, ಕೈಯನ್ನು ಮೆಲ್ಲಗೆ ಮುಂದೆ ಚಾಚಿದರು.

ಸೊಸೆ ಆ ಕೈಯನ್ನೇ ನೋಡಿದಳು. ಸೋಪಿಗಾಗಿ ಮನೆ ರಣರಂಗ ಮಾಡುವ ಅತ್ತೆ ಸೂಜಿಯೆದುರು ಜಗಳವಿಲ್ಲದೆ ಕೈ ಕೊಡುವುದೆಂದರೇನು?

“ಸಿಸ್ಟರ್, ಒಂದು ನಿಮಿಷ ತಡೀರಿ.” ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತಳು. ಅವಳಿಗೇ ಅರಿವಿಲ್ಲದೆ ಅಂಗಡಿಯ ದನಿ ಬಂದಿತ್ತು. “ಅತ್ತೆ, ಆಗಲ್ಲ ಅಂದ್ರೆ ಇಷ್ಟ ಇಲ್ಲ ಅಂತಲೋ, ಮೈಗೆ ಆಗಲ್ಲ ಅಂತಲೋ?”

“ಎಷ್ಟು ಸಲ ಹೇಳಲಿ? ಎದುರುಗಡೆ ಹಳೇ ಆಸ್ಪತ್ರೇಲಿ ಒಂದ್ಸಲ ಚುಚ್ಚಿದ್ರು. ನಾಲಿಗೆ ದಪ್ಪ ಆಯ್ತು, ಗಂಟಲು ಕಟ್ತು, ಉಸಿರೇ ನಿಂತ ಹಾಗಾಯ್ತು. ನಿಮ್ಮ ಮಾವ ಮದ್ದಿನ ಹೆಸರು ಕೇಳಿ ತಿಳ್ಕೊಂಡಿದ್ರು. ನನಗೆಲ್ಲಿ ಗೊತ್ತು?”

ನರ್ಸಿನ ಮುಖದ ನಗು ಮಾಯವಾಯಿತು. ಅವಳು ಸೂಜಿಯನ್ನು ತಟ್ಟೆಗಿಟ್ಟು ಕಂಪ್ಯೂಟರಿನತ್ತ ಧಾವಿಸಿದಳು. ಪಕ್ಕದ ಕಿಟಕಿಯಿಂದ ಹಳೇ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಕಂಪ್ಯೂಟರಿಗೆ ಮಾತ್ರ ಅಲ್ಲಿಯ ಒಂದಕ್ಷರವೂ ಕಾಣುತ್ತಿರಲಿಲ್ಲ. ನಡುವೆ ಇರುವುದು ಒಂದು ರಸ್ತೆ. ಒಬ್ಬ ಹೆಂಗಸಿನ ಪ್ರಾಣದ ಸುದ್ದಿ ಆ ರಸ್ತೆಯನ್ನು ದಾಟಲಾರದೆಂದರೆ ಇಷ್ಟೆಲ್ಲ ಯಂತ್ರಗಳಿಂದ ಯಾರಿಗೇನು ಉಪಕಾರ?

“ಹಳೇ ಆಸ್ಪತ್ರೆ ದಾಖಲೆ ಇಲ್ಲಿಗೆ ಜೋಡಿಸೋಕೆ ಒಪ್ಪಿಗೆ ಕೇಳಿ, ನೀವು ಹೆಸರು ಬರೆಸಿದಾಗಲೇ ಮೆಸೇಜ್ ಹೋಗಿದೆ,” ನರ್ಸು ಪರದೆ ನೋಡುತ್ತ ಹೇಳಿದಳು. “ಆದ್ರೆ ‘ಬೇಡ’ ಅಂತ ಉತ್ತರ ಬಂದಿದೆ.”

“ಯಾರು ಬೇಡ ಅಂದಿದ್ದು? ನನ್ನನ್ನ ಯಾರೂ ಕೇಳಲೇ ಇಲ್ವಲ್ಲ!” ಎಂದರು ಅತ್ತೆ.

ಅತ್ತೆಯ ಹೆಸರಿನ ಮುಂದಿದ್ದ ಫೋನ್ ನಂಬರು ಸೊಸೆಯದು. ಸಾಲ ಬೇಕೇ, ಸೈಟು ಬೇಕೇ ಎಂದು ಪೀಡಿಸುವ ಸಂದೇಶಗಳ ಗುಂಪಿನಲ್ಲಿ ಅದಕ್ಕೂ ಓದದೆ ‘ಬೇಡ’ ಒತ್ತಿಬಿಟ್ಟಿದ್ದಳು.

“ನಾನೇ ಅತ್ತೆ,” ಎಂದಳು ತಲೆತಗ್ಗಿಸಿ.

“ಮನೇಲಿ ಬೇಡ ಅನ್ನೋ ಅಧಿಕಾರ ಒಂದು ನನ್ನ ಹತ್ರ ಇತ್ತು. ಅದನ್ನೂ ಕಿತ್ಕೊಂಡ್ಯಾ?”

ನರ್ಸು ಸಂದೇಶವನ್ನು ಮತ್ತೆ ಕಳುಹಿಸಿದಳು. ಈ ಸಲ ಸೊಸೆ ಒಂದೊಂದು ಸಾಲನ್ನೂ ಬಿಡಿಸಿ ಓದಿ ಹೇಳಿದಳು.

“ಊರೆಲ್ಲ ನನ್ನ ಕಾಯಿಲೆ ಓದ್ತಾರೇನೇ?”

“ಇಲ್ಲ ಅತ್ತೆ. ನಿಮ್ಮನ್ನ ನೋಡೋ ಡಾಕ್ಟರು, ಸಿಸ್ಟರು ಅಷ್ಟೇ. ಬೇಡ ಅನ್ನಿಸಿದ ದಿನ ನಿಲ್ಲಿಸಬಹುದು ಅಂತಲೂ ಬರೆದಿದೆ.”

“ಹಾಗಾದ್ರೆ ಕೊಡು ಇಲ್ಲಿ.” ಅತ್ತೆ ಫೋನನ್ನು ದೂರ ಹಿಡಿದು, ಕಣ್ಣು ಕಿರಿದಾಗಿಸಿ, ‘ಹೌದು’ ಎಂಬುದನ್ನು ತಾವೇ ಒತ್ತಿದರು.

ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಪೆನಿಸಿಲಿನ್ ಕೊಡಕೂಡದು. ತಟ್ಟೆಯಲ್ಲಿ ಸಿದ್ಧವಾಗಿದ್ದುದೂ ಅದೇ. ನರ್ಸು ಕೂಗಿದ ರಭಸಕ್ಕೆ ಡಾಕ್ಟರು ಓಡಿ ಬಂದರು, ಓದಿದರು, ಬೇರೆ ಮದ್ದು ಬರೆದರು.

“ಕೆಳಗೆ ಇನ್ನೊಂದು ಸಾಲಿದೆ,” ಎಂದಳು ನರ್ಸು. ಆ ದಿನ ಹಳೇ ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ಕೇಳಿದ್ದನ್ನು ಕೇಳಿದಂತೆಯೇ ಟೈಪು ಮಾಡಿದ್ದರು. ಅವಳು ಓದಿದಳು: “ಪತಿಯ ಹೇಳಿಕೆ: ನನ್ನಾಕೆ ಎಲ್ಲದಕ್ಕೂ ಆಗಲ್ಲ ಎನ್ನುತ್ತಾಳೆ. ಇದೊಂದು ಮಾತ್ರ ನಿಜ. ದಯವಿಟ್ಟು ನಂಬಿ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಗೊಣಗಿದರು: “ಹಾಗಾದ್ರೆ ಮಿಕ್ಕಿದ್ದೆಲ್ಲ ಸುಳ್ಳಾ? ಹೋದ ಮೇಲೂ ನಾಲ್ಕು ಜನರ ಮುಂದೆ ಮರ್ಯಾದೆ ತೆಗೀತಾರಲ್ಲ, ಈ ಮನುಷ್ಯ.”

ಸೊಸೆ ಅತ್ತೆಯ ಅಂಗೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು. ಮೇಲೆ ಫ್ಯಾನು ತಿರುಗುತ್ತಿತ್ತು.

“ಈ ಗಾಳಿ ನನಗೆ ಆಗಲ್ಲ ಕಣೇ.”

ಸೊಸೆ ಎದ್ದು ಫ್ಯಾನು ಆರಿಸಿದಳು.

ಮಾವ ಹೇಳಿಹೋದ ಮಾತು ರಸ್ತೆಯಾಚೆ ಇಷ್ಟು ವರ್ಷ ಕಾದು ಕುಳಿತಿತ್ತು. ಅದನ್ನು ಹೊರಗೆ ತಡೆದು ನಿಲ್ಲಿಸಿದ್ದು ಓದದೆ ಒತ್ತಿದ ಒಂದು ಬೆರಳು. ನಿಮ್ಮ ಫೋನಿಗೂ ಅಂಥ ಸಂದೇಶ ಬಂದಿರಬಹುದು. ಇಂದು ಸಂಜೆ ಅದನ್ನು ಹುಡುಕಿ. ನಿಮ್ಮ ಹಿರಿಯರ ಪಕ್ಕ ಕುಳಿತು ಓದಿ ಹೇಳಿ, ಹೌದೋ ಬೇಡವೋ ಎಂಬುದನ್ನು ಅವರ ಬೆರಳೇ ಒತ್ತಲಿ. ಏಳುವ ಮುನ್ನ, ದಯವಿಟ್ಟು, ಅವರಿಗೆ ಏನು ಆಗಲ್ಲ ಎಂದು ಒಮ್ಮೆ ಕೇಳಿ.