ಬ್ರೀಸಾಳ ಗಂಟೆ ನಿಂತಾಗ

ಗಂಟೆ ಈಗ ಎಡಕ್ಕೆ ಹೊರಳಿತು, ಒಣಹಳ್ಳದ ಮರಳು ದಾಟಿ ಆಚೆ ದಡದ ಜಾಲಿ ಪೊದೆಗಳ ಕಡೆಗೆ, ಟಿಣ್ ಟಿಣಿ ಟಿಣ್, ಕಲ್ಲಿನ ಮೇಲೆ ಉಗುರು ಕೆರೆದ ಸದ್ದು, ಮತ್ತೆ ಮರಳು, ಮತ್ತೆ ಗಂಟೆ — ಓಡಲಿ, ಬೆಳಗಿನ ತಂಪಿನಲ್ಲಿ ಬ್ರೀಸಾಳ ಕಾಲು ನಿಂತಲ್ಲಿ ನಿಲ್ಲುವುದಿಲ್ಲ, ಅವಳ ಕೊರಳ ಗಂಟೆ ಆಡುತ್ತಿರುವಷ್ಟು ಹೊತ್ತು ಲೌರೊನಿಗೆ ಯಾವ ಚಿಂತೆಯೂ ಇಲ್ಲ, ಅದು ನಿಂತಾಗಲೇ ಎಲ್ಲ ಶುರು, ಗಂಟೆ ನಿಂತಿತೆಂದರೆ ನಾಯಿ ಲಾವಕ್ಕಿಯ ವಾಸನೆಗೆ ಕಲ್ಲಾಯಿತೆಂದು ಅರ್ಥ, ಮೂಗು ಮುಂದಕ್ಕೆ, ಬಾಲ ನೆಟ್ಟಗೆ, ಮುಂಗಾಲೊಂದು ನೆಲ ಬಿಟ್ಟು ಮಡಚಿ ಎತ್ತಿದ್ದು, ಆ ಎತ್ತಿದ ಕಾಲನ್ನು ನೋಡುವುದಕ್ಕೇ ಅಲ್ಲವೆ ಅವನು ಅರಿಜೋನಾದ ಈ ಮರಳುಗಾಡನ್ನು ವಯಸ್ಸಿಡೀ ತುಳಿದದ್ದು, ಹಕ್ಕಿ ಸಿಗಲಿ ಬಿಡಲಿ. ಈಗ ಅದನ್ನು ನೋಡಲಾರ. ಕಣ್ಣಿನ ನಡುಮಧ್ಯೆ ಯಾರೋ ಹೆಬ್ಬೆಟ್ಟು ಒತ್ತಿ ಹಿಡಿದಂತೆ ಒಂದು ಮಬ್ಬು, ನೇರ ನೋಡಿದ್ದೆಲ್ಲ ಅದರೊಳಗೆ ಮುಳುಗಿಹೋಗುತ್ತದೆ, ಅಂಚಿನಲ್ಲಿ ಇದ್ದದ್ದಷ್ಟೇ ಉಳಿಯುತ್ತದೆ, ಪಾಪಾಸುಕಳ್ಳಿ ಕಾಣಬೇಕಾದರೆ ಪಕ್ಕದ ಬಂಡೆ ನೋಡಬೇಕು, ಎಲ್ವಿರಾ ಕಾಣಬೇಕಾದರೆ ಎಲ್ವಿರಾಳ ಪಕ್ಕಕ್ಕೆ ನೋಡಬೇಕು — ಮದುವೆಯಾದ ಹೊಸತರಲ್ಲಿ ಯಾರದೋ ಹಬ್ಬದ ಕುಣಿತದಲ್ಲಿ, ನನ್ನ ಬಿಟ್ಟು ಪಕ್ಕದವಳನ್ನ ನೋಡ್ತೀಯೇನೋ ಎಂದು ಮೊಣಕೈ ಹತ್ತಿರ ರಕ್ತ ಬರುವ ಹಾಗೆ ಚಿವುಟಿದ್ದಳು, ಈಗ ಪಕ್ಕದವಳನ್ನು ನೋಡಿದರೇ ಹೆಂಡತಿ ಕಾಣುವುದು, ದೇವರೂ ತಮಾಷೆಯವನೇ. ಏ ಮುದುಕಾ, ಮುಂದೆ ಕಲ್ಲಿದೆ, ಕಾಲೆತ್ತಿಡು. ಕಂಡಿದೀನಿ ಬಿಡೇ ಮುದುಕಿ. ಕಂಡಿದ್ರೆ ಯಾಕೆ ಎಡವ್ದೆ. ಎಡವಿಲ್ಲ, ಕಲ್ಲು ಎಷ್ಟು ಗಟ್ಟಿ ಇದೆ ನೋಡ್ದೆ. ಅವಳು ನಕ್ಕಳು, ಮೀಸೆ ಸರಿಯಾಗಿ ಚಿಗುರುವ ಮುಂಚೆಯೇ ಅವಳು ಅವನನ್ನು ಮುದುಕ ಎಂದದ್ದು, ಅವರ ಜನರಲ್ಲಿ ಗಂಡನನ್ನು ಕರೆಯುವುದೇ ಹಾಗೆ, ಕರೆದು ಕರೆದು ಕೊನೆಗೆ ನಿಜ ಮಾಡಿಬಿಟ್ಟಳು.

ಕೋವಿ ಕಂಡರೆ ಆಗುತ್ತಿರಲಿಲ್ಲ ಅವಳಿಗೆ, ಭಾನುವಾರವೆಲ್ಲ ಆ ನಾಯಿ ಜೊತೆ ಅಲೀತೀಯ, ಅದನ್ನೇ ಕಟ್ಕೋಬೇಕಿತ್ತು ನೀನು ಎನ್ನುತ್ತಿದ್ದಳು, ಅವನ ಕಣ್ಣು ಹೋಗತೊಡಗಿದ ಮೇಲೆ ಡಾಕ್ಟರು ಗಾಡಿ ಓಡಿಸಬಾರದೆಂದರು, ಆಗ ತಾನೇ ಓಡಿಸಿಕೊಂಡು ಬಂದಳು, ಮೊದಮೊದಲು ಗಾಡಿಯಲ್ಲೇ ಕೂತು ಹೆಣೆಯುತ್ತಿದ್ದವಳು ಆಮೇಲೆ ಜೊತೆಗೆ ನಡೆದಳು, ಆಮೇಲೆ ಒಂದು ದಿನ ಮೈದುನನ ಜೋಡಿ ನಳಿಗೆ ಕೋವಿ ಇಸಿದುಕೊಂಡು, ಸುಮ್ನೆ ಕೈ ಬೀಸ್ಕೊಂಡು ಬರೋಕೆ ಬೇಜಾರು ಎಂದಳು. ಎಷ್ಟು ಸಲೀಸಾಗಿ ಸುಳ್ಳು ಹೇಳಿದಳು, ಚರ್ಚಿಗೆ ತಪ್ಪದೆ ಹೋಗುವ ಹೆಂಗಸು. ಆ ಚಳಿಗಾಲ ಅವನ ಕೋವಿಗೆ ಮತ್ತೆ ಹಕ್ಕಿ ಬೀಳತೊಡಗಿದವು. ರೆಕ್ಕೆ ಬುರ್ರೆಂದ ಕಡೆಗೆ ತಿರುಗಿ ಒತ್ತುತ್ತಿದ್ದ, ದೂರದಲ್ಲಿ ದೊಪ್ಪೆಂದು ಬೀಳುತ್ತಿತ್ತು, ಒಳ್ಳೇ ಹೊಡ್ದೆ ಮುದುಕಾ ಎನ್ನುತ್ತಿದ್ದಳು, ಅವನು ನಂಬಿದ, ಅಯ್ಯೋ, ನಂಬಿ ಊಟದ ಮೇಜಿನಲ್ಲಿ ಮೈದುನನ ಮುಂದೆ ಎದೆಯುಬ್ಬಿಸಿ, ಕಣ್ಣಲ್ಲಿ ಹೊಡೆಯೋನು ಹುಡುಗ, ಕಿವೀಲಿ ಹೊಡೆಯೋನು ಬೇಟೆಗಾರ ಎಂದ, ಅವಳು ಬೇಯಿಸಿದ ಕಾಳಿನ ಬೋಗುಣಿ ಇಡುತ್ತ, ಹೂಂ, ಏನ್ ಕಿವಿ ಅಂತೀರಾ ಎಂದಳು, ನಗು ತಡೆದ ದನಿಯಲ್ಲಿ. ಅವನ ಹೆಮ್ಮೆಯನ್ನು ಕೆಡವಿದ್ದು ಬ್ರೀಸಾ. ಯಾರು ಹೊಡೆದರೋ ಅವರ ಕೈಗೇ ಹಕ್ಕಿ ತಂದುಕೊಡಬೇಕೆಂದು ಮರಿಯಿದ್ದಾಗಿನಿಂದ ಅವನೇ ಕಲಿಸಿದ್ದ, ನಾಯಿಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ, ಬಿದ್ದ ಹಕ್ಕಿ ಕಚ್ಚಿಕೊಂಡ ಗಂಟೆ ನೇರ ಎಲ್ವಿರಾಳ ಕಡೆ ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ, ಒಂದು ಪಿಸುಮಾತು — ನನಗಲ್ಲ ಪೆದ್ದಿ, ಅವನಿಗೆ ಕೊಡು — ಆಮೇಲೆ ಗಂಟೆ ತನ್ನ ಕಡೆ ಬರುತ್ತದೆ, ಅಂಗೈಯಲ್ಲಿ ಬೆಚ್ಚಗಿನ ಹಕ್ಕಿ, ನೆತ್ತಿಯ ಪುಟ್ಟ ಜುಟ್ಟು ಹೆಬ್ಬೆರಳಿಗೆ ತಾಗುತ್ತದೆ. ತಾನು ಹೊಡೆಯುವ ಮುಂಚೆ ಮೂಗಿನಿಂದ ಫುಸ್ಸೆಂದು ಉಸಿರು ಬಿಡುವ ಅಭ್ಯಾಸ ಅವನಿಗೆ, ಆ ಉಸಿರಿಗೇ ಕಾದು ಎಲ್ವಿರಾ ಜೊತೆಯಲ್ಲೇ ಒತ್ತುತ್ತಿದ್ದಳು, ಎರಡು ಢಂ ಒಂದೇ ಆಗುವಂತೆ. ಗೊತ್ತಾದ ದಿನ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಇಷ್ಟು ವರ್ಷ ಕೋವಿಯನ್ನು ಶಪಿಸಿದವಳು ತನಗಾಗಿ ಇಷ್ಟು ಕಳ್ಳತನ ಕಲಿತಳಲ್ಲ ಎಂದುಕೊಂಡ, ಒಳ್ಳೇ ಹೊಡ್ದೆ ಎಂದವಳಿಗೆ, ಥ್ಯಾಂಕ್ಸ್ ಮುದುಕಿ, ಗಾಳಿ ಸರಿ ಇತ್ತು ಎಂದ.

ಆಮೇಲೆ ಆ ಭಾನುವಾರ. ಹಕ್ಕಿ ತಗ್ಗಿನಲ್ಲಿ ಹಾರಿತು, ನೆಲ ಸವರಿಕೊಂಡು, ತಗ್ಗಿನ ಹಕ್ಕಿಗೆ ಹೊಡೆಯಬಾರದು, ನಾಯಿ ಇರುತ್ತದೆ, ಇದನ್ನು ಅವನು ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ, ಆದರೂ ಸದ್ದಿನ ಹಿಂದೆ ನಳಿಗೆ ಹೋಯಿತು, ಬೆರಳು ಹೋಯಿತು, ಜಾಲಿಯ ಟೊಂಗೆಯೊಂದು ತುಂಡಾಗಿ ಬಿದ್ದ ಸದ್ದು, ಎಲ್ಲಿಂದ ಬಿತ್ತೋ ಅಲ್ಲಿಂದಲೇ ಗಂಟೆಯ ಒಂದು ಟಿಣ್, ಆಮೇಲೆ ಏನೂ ಇಲ್ಲ. ಗಂಟೆ ನಿಂತಿತ್ತು. ಕಾಲೆತ್ತಿ ನಿಂತಿದ್ದಾಳೋ, ಬಿದ್ದಿದ್ದಾಳೋ, ಕತ್ತು ತಿರುಗಿಸಿ ಕಣ್ಣಂಚಿನಿಂದ ಹುಡುಕಿದ, ಮಬ್ಬಿನೊಳಗೆ ಮಬ್ಬು — ಆಮೇಲೆ ಟಿಣ್, ಮೈ ಕೊಡವಿದ ಟಿಣ್ ಟಿಣಿ, ಬಂದು ತೊಡೆಗೆ ಮೂಗು ಒತ್ತಿದಳು, ಕಿವಿಯ ಮೇಲೆ ಜಾಲಿಯ ಎಲೆಪುಡಿ. ಏನಾಯ್ತು ಮುದುಕಾ. ಏನಿಲ್ಲ, ತಪ್ಪೋಯ್ತು. ಅವತ್ತಿನಿಂದ ಅವನು ಕೋವಿಗೆ ತೋಟಾ ಹಾಕಿಲ್ಲ. ಜೇಬಿಗೆ ಕೈ ಹಾಕಿ ತೋಟಾಗಳನ್ನು ಕಿಣಿಕಿಣಿ ಮಾಡುತ್ತಾನೆ, ಕೋವಿ ಬಗ್ಗಿಸಿ ಬರಿ ನಳಿಗೆಯನ್ನೇ ಠಕ್ಕೆಂದು ಮುಚ್ಚುತ್ತಾನೆ, ಹಕ್ಕಿ ಎದ್ದಾಗ ಉಸಿರು ಬಿಟ್ಟು ಒತ್ತಿ ಭುಜ ಹಿಂದಕ್ಕೆ ಜಗ್ಗುತ್ತಾನೆ, ಅವಳ ಒಂದೇ ಢಂ ಎರಡಕ್ಕೂ ಸಾಕು. ಹೇಳಬೇಕು. ಹೇಳಿದರೆ ಮುಗಿಯಿತು, ಅವಳು ಬಂದದ್ದೇ ತನ್ನ ಹಕ್ಕಿಗಾಗಿ, ತಾನು ಹೊಡೆಯುವುದೇ ಇಲ್ಲವೆಂದ ಮೇಲೆ ಅವಳಿಗೇಕೆ ಈ ಮುಳ್ಳು ಈ ಕಲ್ಲು, ಕೋವಿ ಗೋಡೆಗೆ, ಬ್ರೀಸಾ ಹಿತ್ತಲಿನ ಸರಪಳಿಗೆ, ತಾನು ಕಿಟಕಿ ಹತ್ತಿರ, ಭಾನುವಾರಗಳು ಒಂದರ ಹಿಂದೊಂದು ಗೋಡೆಯ ಮೇಲೆ ಸರಿಯುವ ಬಿಸಿಲಾಗಿ. ಆದರೆ ಈಗ ತಾನೆ, ಬಂಡೆಯ ಮೇಲೆ ಕೂತು ಕಾಫಿ ಕುಡಿಯುವಾಗ, ಬ್ರೀಸಾಳ ಪಾದಕ್ಕೆ ಚುಚ್ಚಿದ್ದ ಕಳ್ಳಿಯ ಮುಳ್ಳುಂಡೆಯನ್ನು ಅವಳು ತಲೆಯ ಬಾಚಣಿಗೆಯಲ್ಲೇ ಚಿಮ್ಮಿಸಿ ತೆಗೆದಳು, ಅಲ್ಲಾಡ್ಬೇಡ ಕಂದಾ, ಆಯ್ತು, ಆಯ್ತು, ಚಂದ ಎನಿಸಿ ಅವಳ ಬಲಭುಜದ ಮೇಲೆ ಕೈಯಿಟ್ಟ, ಅವಳು ಹಾ ಎಂದು ಸರಿದಳು. ಏನಾಯ್ತೇ. ಏನಿಲ್ಲ, ಸುಮ್ನೆ ಉಳುಕಿದೆ. ಉಳುಕಲ್ಲ, ಅವನಿಗೆ ಗೊತ್ತು, ಹೊಸದಾಗಿ ಕಲಿಯುವವರ ಭುಜವೆಲ್ಲ ಹೀಗೆ ನೀಲಿಗಟ್ಟುತ್ತದೆ, ಕೋವಿಯ ಹಿಡಿ ಸರಿಯಾಗಿ ಒತ್ತಿಕೊಳ್ಳದೆ, ತನ್ನ ಉಸಿರಿಗೆ ಕಾಯುವ ಗಡಿಬಿಡಿಯಲ್ಲಿ. ಇವತ್ತು ಹೇಳಲೇಬೇಕು, ಇನ್ನೊಂದು ಹಕ್ಕಿ ಆಗಲಿ, ಹೇಳುತ್ತೇನೆ —

ಗಂಟೆ ನಿಂತಿತು. ಆಚೆ ದಡ, ಜಾಲಿಯ ಬುಡ. ನಿಂತಳು ಎಂದಳು ಎಲ್ವಿರಾ, ಮೆಲ್ಲಗೆ, ದೇವರ ಮುಂದೆ ಮಾತಾಡುವ ದನಿಯಲ್ಲಿ, ಕಾಲೆತ್ತಿದಾಳೆ. ಯಾವ ಕಾಲು. ಎಡಗಾಲು. ಮರಳು ದಾಟಿದರು, ಅವಳು ನಾಯಿಯ ಬಲಕ್ಕೆ, ಅವನು ಎಡಕ್ಕೆ, ಬಿಸಿಯೇರಿದ ಧೂಳಿನ ವಾಸನೆ, ಎಲ್ಲೋ ದಿಬ್ಬದ ಮೇಲೆ ಗಂಡುಹಕ್ಕಿಯೊಂದು ಕ್ವಾ ಕ್ವಾರ್ಕೊ ಎಂದು ಕರೆಯಿತು, ಬುರ್ರ್ — ಎದ್ದಿತು, ಎತ್ತರಕ್ಕೆ, ಒಳ್ಳೆಯ ಹಕ್ಕಿ, ಕೋವಿ ಎತ್ತಿದ, ಫುಸ್ಸೆಂದು ಉಸಿರು ಬಿಟ್ಟ, ಒತ್ತಿದ. ಟಕ್. ಬರಿ ನಳಿಗೆಯ ಟಕ್. ನಾಯಿಯ ಆ ಕಡೆಯಿಂದ ಇನ್ನೊಂದು, ಟಕ್. ರೆಕ್ಕೆಯ ಸದ್ದು ಹಳ್ಳದುದ್ದಕ್ಕೂ ಆರಾಮಾಗಿ ಹೋಗಿ ಕರಗಿತು. ಯಾಕೆ ಹೊಡೀಲಿಲ್ಲ ಮುದುಕಾ ಎಂದಳು. ನೀನ್ಯಾಕೆ ಹೊಡೀಲಿಲ್ಲ ಎಂದುಬಿಟ್ಟ, ಎಂದ ಮೇಲೆ ನಾಲಿಗೆ ಕಚ್ಚಿಕೊಂಡ, ಹೋಯಿತು, ಮುಗಿಯಿತು. ಅವಳ ನಗು ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ರಾತ್ರಿ ಕೋವಿ ಉಜ್ಜೋರು ಯಾರು ಮುದುಕಾ. ನೀನು. ನಿನ್ನ ನಳಿಗೇಲಿ ಹಾಕಿದ ಬಟ್ಟೆ ಬೆಳ್ಳಗೆ ಈಚೆ ಬರ್ತಿತ್ತು, ಒಂದ್ ಚೂರು ಮಸಿ ಇಲ್ಲ. ಅದೊಂದನ್ನೇ ಅವನು ಮರೆತಿದ್ದ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನೀನಾಗೇ ಹೇಳ್ತೀಯ ಅಂತ ಕಾದೆ, ನೀನೋ ಭುಜ ಜಗ್ಗೋದೇನು, ಗಾಳಿ ಸರಿ ಇತ್ತು ಅನ್ನೋದೇನು, ಇವತ್ತು ನಾನೂ ತೋಟಾ ಹಾಕ್ಲಿಲ್ಲ, ನೋಡೇಬಿಡೋಣ ಅಂತ. ನಂಗೂ ಗೊತ್ತಿತ್ತು ಕಣೇ, ಬ್ರೀಸಾ ಮೊದ್ಲು ನಿನ್ ಹತ್ರಾನೇ ಬರೋಳು. ಗೊತ್ತಿದ್ದೂ ಒಳ್ಳೇ ಹೊಡ್ದೆ ಅನ್ನಿಸ್ಕೊಂಡ್ಯಾ. ನೀನು ಅನ್ನೋದು ಚೆನ್ನಾಗಿತ್ತು. ಅವನು ಕಾದ, ಮನೆಗೆ ಹೋಗೋಣ ನಡಿ ಎನ್ನುತ್ತಾಳೆ, ಈಗ ಎನ್ನುತ್ತಾಳೆ, ಸರಪಳಿ, ಕಿಟಕಿ, ಬಿಸಿಲು — ಅವಳ ಕೈ ಅವನ ಜೇಬಿನೊಳಗೆ ಇಳಿಯಿತು, ಕಿಣಿಕಿಣಿ. ಇಲ್ಲಿ ಕೊಡು, ಬರೀ ಸದ್ದು ಮಾಡ್ಸೋಕೆ ತಂದಿದ್ದಾ ಇವನ್ನ. ಏನ್ಮಾಡ್ತೀಯೇ. ಬ್ರೀಸಾ ಇನ್ನೂ ನಿಂತಿದಾಳೆ ನೋಡು, ಇನ್ನೊಂದು ಹಕ್ಕಿ ಇದೆ ಅಲ್ಲಿ, ನಾವಿಬ್ರೂ ಕಿತ್ತಾಡೋದನ್ನ ಕೇಳ್ಕೊಂಡು ನಾಚಿಕೆಪಟ್ಕೊಂಡು ನಿಂತಿದಾಳೆ. ಹೌದು, ಗಂಟೆ ಆಗಿನಿಂದ ಆಡಿಯೇ ಇಲ್ಲ. ಎಲ್ವಿರಾ ಎರಡು ತೋಟಾ ಹಾಕಿ ತನ್ನ ಕೋವಿ ಮುಚ್ಚಿದಳು, ನಿನ್ನ ಉಸಿರಿಗೆ ಕಾದೂ ಕಾದೂ ಒಂದ್ಸಲನೂ ನೆಟ್ಟಗೆ ಹೊಡೆದಿಲ್ಲ ನಾನು, ಮುದುಕಾ, ಬಾ ಇಲ್ಲಿ, ಹಿಂದೆ ನಿಂತ್ಕೊಂಡು ಸರಿಯಾಗಿ ಹೇಳ್ಕೊಡು, ಮುಂದಿನ ವಾರಕ್ಕೆ ಭುಜ ಬೇಕು ನಂಗೆ. ಮುಂದಿನ ವಾರ. ಅವನು ಹಿಂದೆ ನಿಂತ, ಹಿಡಿಯನ್ನು ನೀಲಿಗಟ್ಟಿದ ಜಾಗದಿಂದ ಸರಿಸಿ ಹೆಗಲಿನ ಗುಳಿಗೆ ಕೂರಿಸಿದ, ಇಲ್ಲಿ, ಗಟ್ಟಿ, ಕೆನ್ನೆ ತಾಗ್ಲಿ, ತಗ್ಗಿನಲ್ಲಿ ಹಾರಿದ್ರೆ ಬಿಟ್ಬಿಡು, ಮೇಲೆದ್ರೆ ನಾನು ಹೇಳ್ತೀನಿ, ಆತುರ ಬೇಡ, ಯಾರಿಗೂ ಕಾಯ್ಬೇಡ. ಅವಳ ಕೂದಲಲ್ಲಿ ಹೊಗೆ, ಸಾಬೂನು, ಜಾಲಿಯ ಧೂಳು. ಅವನು ಅವಳನ್ನೇ ನೇರ ನೋಡಿದ, ಪಕ್ಕಕ್ಕಲ್ಲ, ನೇರ, ಅವಳು ಆ ಹೆಬ್ಬೆಟ್ಟಿನ ಮಬ್ಬಿನೊಳಗೆ ಮುಳುಗಿದಳು, ಮುಳುಗಲಿ, ಇಲ್ಲೇ ಇದ್ದಾಳೆ, ಕೈಯಲ್ಲೇ ಇದ್ದಾಳೆ — ಆಗ ಅಂಚಿನಲ್ಲಿ, ಜಾಲಿಯ ನೆರಳಿನ ಬುಡದಲ್ಲಿ, ಬಿಳಿ ಮೈ, ಕಂದು ಕಿವಿ, ನೆಟ್ಟಗಿನ ಬಾಲ, ಮತ್ತು ನೆಲ ಬಿಟ್ಟು ಮಡಚಿದ, ಅಲ್ಲಾಡದ, ಎಡಗಾಲು, ಎತ್ತಿದ ಕಾಲು, ಆ ಕಾಲು.